ಮಳಖೇಡದ ಗಣಿತವೂ ಇಂದಿನ ಸಹಾಯಪುಟವೂ

ಓದುವ ಪುಸ್ತಕ ಬೇರೆ, ನೋಡುವ ಪುಸ್ತಕ ಬೇರೆ. ಕಾದಂಬರಿಯನ್ನು ನಾವು ಓದುತ್ತೇವೆ, ಪಂಚಾಂಗವನ್ನು ನೋಡುತ್ತೇವೆ. ನಿಘಂಟನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಕ್ರಮವಾಗಿ ಓದಿ ಮುಗಿಸಿದವರು ಯಾರಾದರೂ ಇದ್ದರೆ ಅವರಿಗೆ ದೂರದಿಂದಲೇ ನಮಸ್ಕಾರ. ನೋಡುವ ಪುಸ್ತಕದ ಯೋಗ್ಯತೆಯಲ್ಲಿ ಅರ್ಧಪಾಲು ಅದರ ಜೋಡಣೆಗೆ ಸೇರಿದುದು. ಒಳಗೆ ಎಷ್ಟು ವಿದ್ಯೆ ತುಂಬಿದ್ದರೇನು, ಬೇಕಾದ ಮಾತು ಬೇಕಾದ ಗಳಿಗೆಗೆ ಸಿಕ್ಕದಿದ್ದರೆ ಅದು ಬಾಯಿ ಎಲ್ಲಿದೆಯೆಂಬುದನ್ನು ಮರೆತ ಹಗೇವಿನಂತೆ: ಕಾಳು ಉಂಟು, ಊಟವಿಲ್ಲ.

ನಮ್ಮ ಕಾಲದಲ್ಲಿ ಇಂಥ ನೋಡುವ ಪುಸ್ತಕಗಳ ಒಂದು ಹೊಸ ಜಾತಿಯೇ ಹುಟ್ಟಿಕೊಂಡಿದೆ. ಗಣಕಯಂತ್ರದಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕಗಳನ್ನು ಮಾಡಿಕೊಡುವ ಸಿದ್ಧ ಸಾಧನಗಳ ಸಂಗ್ರಹಕ್ಕೆ ಆ ವಿದ್ಯೆಯವರು ಲೈಬ್ರರಿ ಎನ್ನುತ್ತಾರೆ. ಇದರಲ್ಲಿ ಪುಸ್ತಕಗಳಿಲ್ಲ, ಕಪಾಟುಗಳಿಲ್ಲ, ಸದ್ದು ಮಾಡಬೇಡಿರೆಂಬ ಫಲಕವೂ ಇಲ್ಲ. ಸರಾಸರಿ ತೆಗೆಯುವುದಕ್ಕೆ ಒಬ್ಬ, ಅಂಕಿಗಳ ಚದುರುವಿಕೆಯನ್ನು ಅಳೆಯುವುದಕ್ಕೆ ಒಬ್ಬ, ಎರಡು ಬೆಳೆಗಳ ಇಳುವರಿಯನ್ನು ಹೋಲಿಸುವುದಕ್ಕೆ ಇನ್ನೊಬ್ಬ—ಹೀಗೆ ಹೆಸರಿಟ್ಟ ಸಾವಿರಾರು ಆಳುಗಳು ಸಾಲಾಗಿ ನಿಂತಿರುತ್ತಾರೆ ಎಂದು ಭಾವಿಸಿಕೊಳ್ಳಬೇಕು. ಹೆಸರು ಹಿಡಿದು ಕರೆದು ಅಂಕಿಗಳನ್ನು ಕೈಗಿತ್ತರೆ ಉತ್ತರವನ್ನು ತಂದೊಪ್ಪಿಸುತ್ತಾರೆ. ಇವರಿಗೆ ಫಂಕ್ಷನ್ ಎಂದು ಹೆಸರು. ಯಾರನ್ನು ಹೇಗೆ ಕರೆಯಬೇಕು, ಅವರ ಕೈಗೆ ಏನು ಕೊಡಬೇಕು, ಅವರು ಏನನ್ನು ಹಿಂತಿರುಗಿಸುತ್ತಾರೆ ಎಂಬುದನ್ನು ತಿಳಿಸುವ ಬರಹವೇ ಸಹಾಯಪುಟ. ಸಂಖ್ಯಾಶಾಸ್ತ್ರಜ್ಞರಲ್ಲಿ ಬಹಳ ಬಳಕೆಯಲ್ಲಿರುವ ‘ಆರ್’ ಎಂಬ ಭಾಷೆಗೆ ಸೇರಿಕೊಂಡಂತೆ ಇಂದು 20,000ಕ್ಕೂ ಹೆಚ್ಚು ಪ್ಯಾಕೇಜುಗಳೆಂಬ ಕಟ್ಟುಗಳಿವೆ; ಪ್ರತಿಯೊಂದು ಕಟ್ಟಿಗೂ ಅದರದೇ ಆದ ಸಹಾಯಪುಟಗಳುಂಟು.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕಾರಣ ಎರಡು. ಒಂದು, ಅಫಜಲಪುರದಂಥ ತಾಲೂಕಿನ ಊರಿನ ಕಾಲೇಜಿನಲ್ಲಿ ಕೂಡ ಈಗ ಪದವಿಯ ಹುಡುಗ ಹುಡುಗಿಯರು ಈ ಪುಟಗಳೆದುರು ಕುಳಿತುಕೊಳ್ಳುತ್ತಾರೆ. ತಿಳಿಯದ ಇಂಗ್ಲಿಷು ಎದುರಾದಾಗ ಸಮೀಪದಲ್ಲಿರುವ ಭಾಷೆಯ ಮೇಷ್ಟರ ಬಳಿಗೆ ಬರುವುದುಂಟು. ಎರಡು, ಆ ಪುಟಗಳ ಆಕಾರವನ್ನು ನೋಡಿದೊಡನೆಯೇ ನನಗೆ ಹಳೆಯ ಪರಿಚಯದವರನ್ನು ಸಂತೆಯಲ್ಲಿ ಕಂಡಂತಾಯಿತು. ಹೀಗೆ ಜೋಡಿಸಿದ ಗ್ರಂಥಗಳನ್ನು ನಾವು ಕನ್ನಡದವರು ಶತಮಾನಗಳಿಂದ ಪಾಠ ಹೇಳಿಕೊಂಡು ಬಂದಿದ್ದೇವೆ. ಅವುಗಳಲ್ಲಿ ಒಂದಂತೂ ನಮ್ಮ ಜಿಲ್ಲೆಯ ಹೆಸರಿಗೇ ಹೊಂದಿಕೊಂಡಿದೆ.

ಮೊದಲು ಒಂದು ಚಿಕ್ಕ ಲೆಕ್ಕ. ಎರಡು, ನಾಲ್ಕು, ನಾಲ್ಕು, ನಾಲ್ಕು, ಐದು, ಐದು, ಏಳು, ಒಂಬತ್ತು—ಈ ಎಂಟು ಅಂಕಿಗಳ ಸರಾಸರಿ ಐದು. ಸರಾಸರಿಯಿಂದ ಒಂದೊಂದು ಅಂಕಿ ಎಷ್ಟು ದೂರವಿದೆಯೋ ಅದರ ವರ್ಗಗಳನ್ನು ಕೂಡಿಸಿದರೆ 32 ಆಗುತ್ತದೆ. ಅದನ್ನು ಎಂಟರಿಂದ ಭಾಗಿಸಿ ವರ್ಗಮೂಲ ತೆಗೆದರೆ 2. ಇದಕ್ಕೆ ಮಾನಕ ವಿಚಲನೆ ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿಯೊಬ್ಬಳು ಇದನ್ನು ಹಾಳೆಯ ಮೇಲೆ ಸರಿಯಾಗಿಯೇ ಮಾಡಿದಳು. ಬಳಿಕ ಅದೇ ಅಂಕಿಗಳನ್ನು ಆರ್ ಭಾಷೆಯ ‘ಎಸ್‌ಡಿ’ ಎಂಬ ಫಂಕ್ಷನ್ನಿಗೆ ಕೊಟ್ಟರೆ ಅದು 2.138 ಎಂದಿತು. “ಸರ್, ನಂದು ಎರಡು ಬರ್ತದ್ರಿ, ಅದು ಬ್ಯಾರೇನೇ ಹೇಳ್ಲಾಕತ್ತದ. ಯಾವುದು ಖರೆ?” ಎಂದು ಹಾಳೆ ಹಿಡಿದುಕೊಂಡು ಬಂದಳು. ಎರಡೂ ಖರೆ. ಶಾಲೆಯ ಪುಸ್ತಕ ಎಂಟರಿಂದ ಭಾಗಿಸುತ್ತದೆ. ಆ ಫಂಕ್ಷನ್ ಏಳರಿಂದ, ಎಂದರೆ ಒಟ್ಟು ಸಂಖ್ಯೆಗಿಂತ ಒಂದು ಕಡಿಮೆ ಮಾಡಿ ಭಾಗಿಸುತ್ತದೆ. ಇಡೀ ಸಮುದಾಯವನ್ನು ಅಳೆಯದೆ ಅದರ ಒಂದು ಮಾದರಿಯನ್ನು ಮಾತ್ರ ಅಳೆದಾಗ ಹೀಗೆ ಮಾಡುವುದು ವಾಡಿಕೆ. ಈ ಸಂಗತಿಯನ್ನು ಸಹಾಯಪುಟ ಮುಚ್ಚಿಟ್ಟಿಲ್ಲ. ‘ಡೀಟೇಲ್ಸ್’ ಎಂಬ ಭಾಗದಲ್ಲಿ ಒಂದೇ ಸಾಲಿನಲ್ಲಿ ಹೇಳಿದೆ. ಆದರೆ ಆಕೆ ಅಲ್ಲಿಯವರೆಗೆ ಹೋಗಿರಲಿಲ್ಲ. ಹೆಸರು, ಕರೆಯುವ ಬಗೆ, ಉದಾಹರಣೆ ಇಷ್ಟನ್ನು ನೋಡಿ ಕೆಲಸಕ್ಕೆ ತೊಡಗಿದ್ದಳು. ನಾವೆಲ್ಲರೂ ಮಾಡುವುದು ಅದನ್ನೇ.

ತಮಾಷೆಯೆಂದರೆ, ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿ ನಂಪೈ ಎಂಬ ಲೈಬ್ರರಿಯನ್ನು ಕೇಳಿದರೆ ಅದು ಎಂಟರಿಂದ ಭಾಗಿಸಿ 2 ಎನ್ನುತ್ತದೆ. ಅದೇ ಪೈಥಾನಿನ ಪಾಂಡಾಸ್ ಎಂಬ ಲೈಬ್ರರಿ ಏಳರಿಂದ ಭಾಗಿಸುತ್ತದೆ. ಒಂದೇ ಊರಿನ ಎರಡು ಅಂಗಡಿಗಳಲ್ಲಿ ಸೇರು ಬೇರೆ ಬೇರೆ ಇದ್ದಂತಾಯಿತು. ಸೇರು ಯಾವುದೆಂದು ಮೊದಲೇ ಹೇಳಿಬಿಟ್ಟರೆ ಯಾರಿಗೂ ಮೋಸವಿಲ್ಲ. ಎಲ್ಲಿ ಹೇಳಬೇಕು ಎಂಬುದೇ ಪ್ರಶ್ನೆ. ಈ ಪ್ರಶ್ನೆ ಹೊಸದಲ್ಲ.

ಕಲಬುರಗಿಯಿಂದ ಪೂರ್ವಕ್ಕೆ ಹೋದರೆ ಕಾಗಿಣಾ ಹೊಳೆಯ ದಂಡೆಯ ಮೇಲೆ ಮಳಖೇಡವಿದೆ. ಇಂದು ಅದು ಸೇಡಂ ತಾಲೂಕಿನ ಒಂದು ಊರು. ಕೋಟೆಯ ಗೋಡೆಗಳೂ ಹಳೆಯ ಬಸದಿಯೂ ಉಳಿದಿವೆ. ಆ ಕಾಗಿಣೆ ಮುಂದೆ ನಮ್ಮ ಭೀಮೆಯನ್ನೇ ಸೇರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಇದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನೊಡನೆ ನಾವು ಕವಿರಾಜಮಾರ್ಗವನ್ನು ಸ್ಮರಿಸುತ್ತೇವೆ. ಅದೇ ದೊರೆಯನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಕವಿರಾಜಮಾರ್ಗದ ಬಗೆಗೆ ನಮ್ಮಲ್ಲಿ ನಡೆದಷ್ಟು ಚರ್ಚೆ ಈ ಗ್ರಂಥದ ಬಗೆಗೆ ನಡೆದಿಲ್ಲ. ಕನ್ನಡದವರು ಗಣಿತಕ್ಕೆ ಹೆದರುತ್ತಾರೆ ಎಂದಲ್ಲ; ಕನ್ನಡ ಮೇಷ್ಟರುಗಳು ಹೆದರುತ್ತಾರೆ.

ಇದಕ್ಕೆ ಮುಂಚೆ, 628ರಲ್ಲಿ ಬ್ರಹ್ಮಗುಪ್ತನು ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಗಣಿತವು ಹನ್ನೆರಡನೆಯ ಅಧ್ಯಾಯ. ಸುತ್ತಲೂ ಗ್ರಹಗಳು, ಗ್ರಹಣಗಳು. ಲೆಕ್ಕ ಬೇಕಾದವನು ಜ್ಯೋತಿಷದ ಮನೆಯ ಪಡಸಾಲೆಯನ್ನು ಹಾದು ಒಳಕೋಣೆಗೆ ಹೋಗಬೇಕು. ಮಹಾವೀರನು ಆ ಕೋಣೆಯನ್ನು ಬಿಡಿಸಿ ತಂದು ಸ್ವತಂತ್ರ ಮನೆಯನ್ನಾಗಿ ಕಟ್ಟಿದನು. ಒಂಬತ್ತು ಅಧ್ಯಾಯಗಳು, ಸಾವಿರಕ್ಕೂ ಮೀರಿದ ಶ್ಲೋಕಗಳು. ಮೊದಲಿಗೆ ಸಂಜ್ಞಾ. ಇದರಲ್ಲಿ ಒಂದು ಲೆಕ್ಕವೂ ಇಲ್ಲ. ನೆಲದ ಅಳತೆ, ಕಾಲದ ಅಳತೆ, ಧಾನ್ಯದ ಅಳತೆ, ಚಿನ್ನ ಬೆಳ್ಳಿ ಲೋಹಗಳ ತೂಕ, ಸಂಖ್ಯೆಗಳ 24 ಸ್ಥಾನಗಳ ಹೆಸರು, ಮುಂದೆ ಬರುವ ಕ್ರಿಯೆಗಳ ಹೆಸರು—ಇಷ್ಟೆ. ನನ್ನ ಸೇರು ಇಂಥದು ಎಂದು ಅಂಗಡಿಯ ಬಾಗಿಲಲ್ಲಿಯೇ ತೂಗುಹಾಕಿದ್ದಾನೆ. ಎರಡನೆಯದು ಪರಿಕರ್ಮ: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಶ್ರೇಢಿಯ ಸಂಕಲಿತ ಹಾಗೂ ವ್ಯುತ್ಕಲಿತ ಎಂಬ ಎಂಟು ಕ್ರಿಯೆಗಳು. ಬರಿಯ ಕೂಡುವುದು ಕಳೆಯುವುದು ಇದರಲ್ಲಿಲ್ಲ. ಅಷ್ಟನ್ನು ಓದುಗನು ಮನೆಯಿಂದಲೇ ಕಲಿತು ಬಂದಿರಬೇಕು ಎಂದು ಅವನ ಭಾವನೆಯಿರಬಹುದು. ಬಳಿಕ ಭಿನ್ನರಾಶಿಗಳು, ಭಿನ್ನರಾಶಿಯ ಬಿಡಿ ಲೆಕ್ಕಗಳು, ತ್ರೈರಾಶಿಕ, ಬಡ್ಡಿ ಪಾಲುಗಾರಿಕೆ ಮೊದಲಾದುವು ಸೇರಿದ ಮಿಶ್ರಕ, ಹೊಲಗದ್ದೆಗಳ ಕ್ಷೇತ್ರಗಣಿತ, ಅಗೆತದ ಖಾತ, ಕಡೆಗೆ ನೆರಳಿನ ಛಾಯಾ. ಮೊದಲು ಮಾತು, ಆಮೇಲೆ ಹತ್ಯಾರ, ಆಮೇಲೆ ದುಡಿಮೆ. ಆರ್ ಭಾಷೆಯಲ್ಲಿಯೂ ಮೂಲ ಕ್ರಿಯೆಗಳಿಗೆ ‘ಬೇಸ್’ ಎಂಬ ಕಟ್ಟು, ಅದರ ಮೇಲೆ ಸಂಖ್ಯಾಶಾಸ್ತ್ರಕ್ಕೆ ‘ಸ್ಟ್ಯಾಟ್ಸ್’ ಎಂಬ ಕಟ್ಟು, ಅದರಾಚೆ ಜನರು ತಂತಮ್ಮ ದುಡಿಮೆಗೆ ತಕ್ಕಂತೆ ಕಟ್ಟಿದ ಸಾವಿರಾರು ಕಟ್ಟುಗಳು. ಪರಿಕರ್ಮ, ವ್ಯವಹಾರ ಎಂದು ಬೇಕಾದರೆ ಕರೆಯಬಹುದು.

ಅಧ್ಯಾಯಗಳಿಗಿಂತ ಹೆಚ್ಚಿನ ಸ್ವಾರಸ್ಯ ಒಂದೊಂದು ವಿಷಯದ ಒಳಜೋಡಣೆಯಲ್ಲಿದೆ. ಮೊದಲು ಕರಣಸೂತ್ರ: ಹೀಗೆ ಮಾಡು ಎಂಬ ವಿಧಿ. ಕೂಡಲೇ ಉದ್ದೇಶಕ: ಇಂಥ ಲೆಕ್ಕಕ್ಕೆ ಉತ್ತರ ಹೇಳು ಎಂಬ ಪ್ರಶ್ನೆ. ಸೂತ್ರವನ್ನು ಒಂಟಿಯಾಗಿ ಬಿಡುವುದೇ ಅಪರೂಪ. ಪ್ರಶ್ನೆಗಳಲ್ಲಿ ಹಣ್ಣು, ಹೂವು, ಆನೆಗಳ ಹಿಂಡು, ದಾರಿಯ ಪಯಣಿಗರು ಎಲ್ಲರೂ ಬರುತ್ತಾರೆ. ಉತ್ತರವನ್ನು ಮಾತ್ರ ಶ್ಲೋಕದಲ್ಲಿ ಕೊಡುವುದಿಲ್ಲ. 1912ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದಾಗ ಉತ್ತರಗಳನ್ನು ಅನುಬಂಧದಲ್ಲಿ ಬೇರೆಯಾಗಿ ಕೊಟ್ಟರು. ಪಾರಿಭಾಷಿಕ ಪದಗಳಿಗೊಂದು, ಅಳತೆಗಳಿಗೊಂದು ಅನುಬಂಧವನ್ನೂ ಸೇರಿಸಿದರು. ಅವರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗಳಿಂದ ಇಳಿದು ಬಂದವೂ ಇದ್ದುವು; ಚಿಕ್ಕದೊಂದು ಕನ್ನಡ ಟೀಕೆಯನ್ನು ಹೊತ್ತು ಬಂದುದೂ ಒಂದಿದ್ದಿತು. ಮೂಲ ಹಾಗೆಯೇ ಇದೆ. ಅದರ ಸುತ್ತಲಿನ ದಾರಿಗಳು ಮಾತ್ರ ಕಾಲಕಾಲಕ್ಕೆ ಹೊಸದಾಗುತ್ತವೆ.

ಮಹಾವೀರನ ಒಂದು ಸೂತ್ರವನ್ನೇ ತೆಗೆದುಕೊಂಡು ಎರಡೂ ಕಡೆ ಹುಡುಕಿ ನೋಡೋಣ. ಹಲವು ವಸ್ತುಗಳಿಂದ ಕೆಲವನ್ನು ಆರಿಸಿಕೊಳ್ಳುವ ಬಗೆಗಳು ಎಷ್ಟು? ನಮ್ಮ ಶಾಲೆಗಳಲ್ಲಿ ಇದನ್ನು ವಿಕಲ್ಪ ಎಂದು ಕಲಿಸುತ್ತೇವೆ. ಇದಕ್ಕೆ ಸಾಮಾನ್ಯ ಸೂತ್ರವನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ಮಹಾವೀರನು ಮೊದಲಿಗನೆಂದು ಗಣಿತದ ಇತಿಹಾಸಕಾರರ ಅಭಿಪ್ರಾಯ. ಸೂತ್ರದ ಬೆನ್ನಿಗೇ ಉದ್ದೇಶಕ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಬೆರೆಸುವ ಬಗೆಗಳೆಷ್ಟು? ಒಂದೊಂದೇ ಆದರೆ 6, ಎರಡೆರಡಾದರೆ 15, ಮೂರು ಮೂರಾದರೆ 20, ನಾಲ್ಕಾದರೆ ಮತ್ತೆ 15, ಐದಾದರೆ 6, ಎಲ್ಲವೂ ಸೇರಿದರೆ 1, ಒಟ್ಟು 63. ಅಡುಗೆಮನೆಯಲ್ಲಿ ಒಂದು ದಿನ ಕಳೆದವರು ಯಾರೂ ಈ ಪ್ರಶ್ನೆಯನ್ನು ಮರೆಯಲಾರರು. ಇದು ಮಿಶ್ರಕ ಅಧ್ಯಾಯದಲ್ಲಿದೆ. ಬಡ್ಡಿಯ ಲೆಕ್ಕವೂ ಅಲ್ಲಿಯೇ. ಎಲ್ಲಿಯೂ ಒಗ್ಗದ್ದನ್ನು ಒಂದೆಡೆ ತುಂಬಿದ ಅಟ್ಟದ ಹಾಗೆ ಈ ಅಧ್ಯಾಯ. ಗ್ರಂಥದಲ್ಲಿ ಎಲ್ಲಕ್ಕಿಂತ ಹುಡುಕಾಟದ ತೊಂದರೆ ಇರುವುದೂ ಇಲ್ಲಿಯೇ ಎಂದು ನನ್ನ ಎಣಿಕೆ.

ಈಗ ಆರ್ ಭಾಷೆಯಲ್ಲಿ ಹುಡುಕಬೇಕು. ಫಂಕ್ಷನ್ನಿನ ಹೆಸರು ‘ಚೂಸ್’. ಅದರ ಸಹಾಯಪುಟವನ್ನು ಕೇಳಿದರೆ ತೆರೆಯುವ ಪುಟಕ್ಕೆ ‘ಗಣಿತದ ವಿಶೇಷ ಫಂಕ್ಷನ್ನುಗಳು’ ಎಂಬರ್ಥದ ತಲೆಬರಹ. ಮೊದಲಿಗೆ ಕಾಣುವವರು ಬೀಟಾ, ಗಾಮಾ, ಡೈಗಾಮಾ ಎಂಬ ಮಹನೀಯರು. ಆರು ರಸಗಳನ್ನು ಕೇಳಲು ಹೋದ ಹುಡುಗಿ ಈ ದೊಡ್ಡ ಸಭೆಯನ್ನು ಕಂಡು ತಪ್ಪು ಮನೆಗೆ ಬಂದೆನೆಂದು ಹಿಂದಿರುಗುತ್ತಾಳೆ. ಇನ್ನು ಎಣಿಕೆ ಸಾಲದು, ಆ 15 ಜೋಡಿಗಳ ಪಟ್ಟಿಯೇ ಬೇಕು ಎಂದರೆ ಅದಕ್ಕೆ ‘ಕಾಂಬ್‌ಎನ್’ ಎಂಬ ಬೇರೆ ಫಂಕ್ಷನ್. ಅದು ಇರುವುದು ಬೇಸ್ ಕಟ್ಟಿನಲ್ಲಿ ಅಲ್ಲ, ‘ಯುಟಿಲ್ಸ್’ ಎಂಬ ಮತ್ತೊಂದು ಕಟ್ಟಿನಲ್ಲಿ. ಮಿಶ್ರಕದ ಅಟ್ಟ ಹನ್ನೊಂದು ಶತಮಾನಗಳಾದರೂ ತೆರವಾಗಿಲ್ಲ! ಹೀಗೆ ಸೇರಿಸಿದುದು ಅವಿಚಾರದಿಂದೇನೂ ಅಲ್ಲ. ಬರೆದವರ ದೃಷ್ಟಿಯಲ್ಲಿ ಅವೆಲ್ಲವೂ ಒಂದೇ ಗಣಿತಕುಲದವು, ಒಂದರಿಂದ ಇನ್ನೊಂದು ಹುಟ್ಟುವಂಥವು. ಕುಲ ಬಲ್ಲವನಿಗೆ ಅದು ಸಹಜವಾದ ಜೋಡಣೆ. ಕೆಲಸಕ್ಕೆ ಬಂದವನಿಗೆ ಮಾತ್ರ ಚಕ್ರವ್ಯೂಹ. ‘ಮೋಡ್’ ಎಂಬುದರ ಕಥೆ ಇನ್ನೂ ಸೊಗಸು. ನಮ್ಮ ಹುಡುಗರು ಬಹುಲಕವೆಂದು, ಅದಕ್ಕೂ ಹಿಂದಿನವರು ರೂಢಿಬೆಲೆಯೆಂದು ಕಲಿತದ್ದೇ ಇಂಗ್ಲಿಷಿನಲ್ಲಿ ಮೋಡ್. ಆದರೆ ಆರ್ ಭಾಷೆಯ ಮೋಡ್ ಫಂಕ್ಷನ್ ಬಹುಲಕವನ್ನು ಹೇಳುವುದೇ ಇಲ್ಲ; ಕೊಟ್ಟ ವಸ್ತು ಯಂತ್ರದೊಳಗೆ ಯಾವ ರೂಪದಲ್ಲಿ ಇಡಲ್ಪಟ್ಟಿದೆ ಎಂಬುದನ್ನು ಹೇಳುತ್ತದೆ.

ಬರೆದವನ ಕ್ರಮ, ಕೇಳುವವನ ಕ್ರಮ—ಈ ಎರಡರ ಜಗಳಕ್ಕೆ ನಮ್ಮ ದೇಶದಲ್ಲಿ ಬಹು ದೊಡ್ಡ ನಿದರ್ಶನ ವ್ಯಾಕರಣದ್ದು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4,000 ಸೂತ್ರಗಳು ಸಂಕ್ಷೇಪಕ್ಕಾಗಿ ಜೋಡಣೆಗೊಂಡಿವೆ. ಒಂದು ಸೂತ್ರದ ಮಾತು ಮುಂದಿನವುಗಳಿಗೂ ಹರಿದುಹೋಗುತ್ತದೆಯಾಗಿ ಎರಡು ಅಕ್ಷರದಲ್ಲಿ ಎರಡು ಪುಟದ ವಿಷಯ ಅಡಗುತ್ತದೆ. ಆದರೆ ರಾಮ ಶಬ್ದದ ಒಂದು ರೂಪವನ್ನು ಸಾಧಿಸಬೇಕೆಂದು ಕುಳಿತವನು ಎಂಟು ಅಧ್ಯಾಯಗಳಲ್ಲಿಯೂ ಅಲೆಯಬೇಕು. ಹದಿನೇಳನೆಯ ಶತಮಾನದಲ್ಲಿ ಭಟ್ಟೋಜಿ ದೀಕ್ಷಿತನು ಅವೇ ಸೂತ್ರಗಳನ್ನು ಕಿತ್ತು ಸಂಧಿ, ನಾಮಪದ, ಸಮಾಸ, ಕ್ರಿಯಾಪದ ಎಂದು ಪ್ರಕರಣಗಳಾಗಿ ಮತ್ತೆ ಹೂಡಿ ಸಿದ್ಧಾಂತಕೌಮುದಿಯನ್ನು ಮಾಡಿದನು. ಸೂತ್ರ ಒಂದೂ ಹೊಸದಲ್ಲ. ಕ್ರಮ ಮಾತ್ರ ಹೊಸದು. ಪಾಠಶಾಲೆಗಳು ಕೌಮುದಿಯನ್ನು ಕೈಬಿಡಲಿಲ್ಲ.

ಕನ್ನಡದಲ್ಲಿ ಕೇಶಿರಾಜನು, ಸುಮಾರು 1260ರಲ್ಲಿ, ಈ ಜಗಳವನ್ನು ಇನ್ನೊಂದು ಬಗೆಯಲ್ಲಿ ತೀರಿಸಿದನು. ಶಬ್ದಮಣಿದರ್ಪಣದಲ್ಲಿ ಮೊದಲು ಸೂತ್ರ, ಅದು ಕಂದಪದ್ಯದಲ್ಲಿ, ನೆನಪಿಟ್ಟುಕೊಳ್ಳುವುದಕ್ಕೆ. ಅದರ ಕೆಳಗೆ ವೃತ್ತಿ, ಅದು ಗದ್ಯದಲ್ಲಿ, ತಿಳಿದುಕೊಳ್ಳುವುದಕ್ಕೆ. ಅದರ ಕೆಳಗೆ ಪ್ರಯೋಗ: ಹಿಂದಿನ ಕವಿಗಳ ಬಳಕೆಯಿಂದ ಎತ್ತಿದ ಮಾತುಗಳು, ನಂಬುವುದಕ್ಕೆ. ಮೂರು ಬಗೆಯ ಓದುಗರಿಗೆ ಒಂದೇ ಎಡೆಯಲ್ಲಿ ಮೂರು ಬಾಗಿಲು. ಆರ್ ಸಹಾಯಪುಟದ ಭಾಗಗಳನ್ನು ಇದರ ಪಕ್ಕಕ್ಕಿಟ್ಟು ನೋಡಿರಿ: ಹೆಸರು, ಡಿಸ್ಕ್ರಿಪ್ಶನ್, ಯೂಸೇಜ್, ಆರ್ಗ್ಯುಮೆಂಟ್ಸ್—ಇಷ್ಟೂ ಸೂತ್ರ. ಡೀಟೇಲ್ಸ್ ಎಂಬುದು ವೃತ್ತಿ. ಎಗ್ಸಾಂಪಲ್ಸ್ ಎಂಬುದು ಪ್ರಯೋಗ. ನಡುವೆ ವ್ಯಾಲ್ಯೂ ಎಂದರೆ ಫಂಕ್ಷನ್ ಹಿಂತಿರುಗಿಸುವ ಫಲ. ಕಡೆಗೆ ಆಧಾರಗ್ರಂಥಗಳು ಮತ್ತು ಸೀ ಆಲ್ಸೋ. ಕೇಶಿರಾಜನನ್ನು ಅವರು ಓದಿರಲಿಲ್ಲ. ಒಂದೇ ಹಸಿವಿಗೆ ಎರಡೂರುಗಳಲ್ಲಿ ರೊಟ್ಟಿಯೇ ಆಗುವಂತೆ ಇದು ಆಯಿತು.

ಅವರ ರೊಟ್ಟಿಯ ಕಥೆಯನ್ನೂ ಸ್ವಲ್ಪ ಹೇಳಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿ 1971ರ ನವೆಂಬರಿನಲ್ಲಿ ಅದರ ಕೈಪಿಡಿಯ ಮೊದಲ ಆವೃತ್ತಿಯನ್ನು ಹೊರತಂದರು. ಪ್ರತಿಯೊಂದು ಆಜ್ಞೆಗೂ ಪ್ರತ್ಯೇಕ ಪುಟ, ಪ್ರತಿಯೊಂದು ಪುಟಕ್ಕೂ ಒಂದೇ ಅಚ್ಚಿನ ತಲೆಬರಹಗಳು: ಹೆಸರು, ರೂಪ, ವಿವರಣೆ, ಇದನ್ನೂ ನೋಡಿ, ಕೊನೆಗೆ ‘ಬಗ್ಸ್’ ಎಂದರೆ ದೋಷಗಳು. ಮಾಡಿದವರೇ ತಮ್ಮ ಕೃತಿಯ ದೋಷಗಳಿಗೆ ಒಂದು ಖಾನೆಯನ್ನು ಮೀಸಲಿಟ್ಟುದು ನನಗೆ ಬಹಳ ಹಿಡಿಸಿತು. ಅದೇ ಪ್ರಯೋಗಾಲಯದಲ್ಲಿ 1976ರಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ಸಂಖ್ಯಾಶಾಸ್ತ್ರಕ್ಕಾಗಿ ‘ಎಸ್’ ಎಂಬ ಭಾಷೆಯನ್ನು ಆರಂಭಿಸಿದರು. ಎಸ್‌ನ ಜಾಡಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ತೊಂಬತ್ತರ ದಶಕದ ಆದಿಯಲ್ಲಿ ಆರ್ ಅನ್ನು ಕಟ್ಟಿದರು; ಅದರ 1.0.0 ಆವೃತ್ತಿ 2000ದ ಫೆಬ್ರವರಿ 29ರಂದು ಬಂದಿತು. ಆರ್ ಕಟ್ಟುಗಳಲ್ಲಿ ಸಹಾಯಪುಟಗಳನ್ನಿಡುವ ಅರೆಗೆ ಇಂದಿಗೂ ‘ಮ್ಯಾನ್’ ಎಂದೇ ಹೆಸರು. ಮನುಷ್ಯನಲ್ಲ, ಮ್ಯಾನ್ಯುಯಲ್ ಎಂಬುದರ ಮೊಟಕು.

ಈ ಪುಟಗಳನ್ನು ಕಟ್ಟಿನೊಳಗೆ ಅಕಾರಾದಿಯಾಗಿ ಇಡುತ್ತಾರೆ. ಅಕಾರಾದಿ ಎಂಬುದು ಹೆಸರು ಗೊತ್ತಿದ್ದವನಿಗೆ ಮಾತ್ರ ದಾರಿ. ಹೆಸರು ಗೊತ್ತಿಲ್ಲದವನಿಗಾಗಿ ಎರಡು ಉಪಾಯಗಳು ಮುಂದೆ ಹುಟ್ಟಿದುವು. 2002ರಲ್ಲಿ ಫ್ರೀಡ್ರಿಕ್ ಲೈಶ್ ಎಂಬವರು ಬರಹವನ್ನೂ ಲೆಕ್ಕವನ್ನೂ ಒಂದೇ ಕಡತದಲ್ಲಿ ನೇಯುವ ಸಾಧನವನ್ನು ಕೊಟ್ಟರು. ಅದರಿಂದ ‘ವಿನ್ಯೆಟ್’ ಎಂಬ ಪಾಠರೂಪದ ಪ್ರಬಂಧಗಳು ಬಂದುವು. ಇವು ಓದುವ ಪುಸ್ತಕದ ಜಾತಿ. ಇನ್ನೊಂದು, ವಿಷಯವಾರು ಪಟ್ಟಿಗಳು: ಹಣಕಾಸು, ವೈದ್ಯಕೀಯ ಪ್ರಯೋಗ, ಪರಿಸರ ಎಂದು ಕೆಲಸದ ಮೇಲಿಂದ ಕಟ್ಟುಗಳನ್ನು ತೋರಿಸುವವು. ಅಷ್ಟಾಧ್ಯಾಯಿಗೆ ಕೌಮುದಿ ಹುಟ್ಟಿದುದು ಹೀಗೆಯೇ. ಕೌಮುದಿ ಬಂದಿತೆಂದು ಅಷ್ಟಾಧ್ಯಾಯಿಯನ್ನು ಯಾರೂ ಎಸೆಯಲಿಲ್ಲ. ನಮ್ಮ ಅಂಕಲಿಪಿಯಲ್ಲಿ ಮಗ್ಗಿ ಇದೆ, ವಿವರಣೆ ಇಲ್ಲ. ವಿವರಣೆ ಇಲ್ಲವೆಂದು ಮಗ್ಗಿಯನ್ನು ಬಿಡಬಹುದೇ?

ಒಂದು ವಿಷಯದಲ್ಲಿ ಮಾತ್ರ ಹೊಸಬರು ಹಳಬರನ್ನು ಮೀರಿಸಿದ್ದಾರೆ ಎಂದು ಒಪ್ಪಬೇಕು. ಮಹಾವೀರನು ಒಂದೆಡೆ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೆಯೇ ಉಳಿಯುತ್ತದೆ ಎಂದು ವಿಧಿಸಿದ್ದಾನೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ, ಏಕೆಂದರೆ ಅದು ಸ್ವಭಾವದಿಂದಲೇ ವರ್ಗವಲ್ಲ ಎಂಬಷ್ಟು ಸೂಕ್ಷ್ಮವಾದ ಮಾತನ್ನು ಹೇಳಿದವನೇ ಇದನ್ನೂ ಹೇಳಿದನು. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ಸೊನ್ನೆಯಿಂದ ಭಾಗಿಸಿದುದನ್ನು ಖಹರವೆಂದು ಕರೆದು ಅನಂತದ ಕಡೆ ಬೆರಳು ತೋರಿಸಿದನು. ಆದರೂ ಮಳಖೇಡದ ಗ್ರಂಥದಲ್ಲಿ ಹಳೆಯ ಸೂತ್ರ ಪ್ರತಿಯಿಂದ ಪ್ರತಿಗೆ ಇಳಿಯುತ್ತಲೇ ಬಂದಿತು. ಓಲೆಯ ಮೇಲೆ ಕೆತ್ತಿದ ಲಿಪಿಕಾರನು ಶ್ಲೋಕವನ್ನು ಪರೀಕ್ಷಿಸಬಲ್ಲನೆ ಹೊರತು ಲೆಕ್ಕವನ್ನಲ್ಲ. ಆರ್ ಪದ್ಧತಿಯಲ್ಲಿ ಹಾಗಲ್ಲ. ಒಂದು ಕಟ್ಟನ್ನು ಸಾರ್ವಜನಿಕ ಭಂಡಾರಕ್ಕೆ ಸೇರಿಸುವ ಮುನ್ನ ಯಂತ್ರವು ಸಹಾಯಪುಟದ ಉದಾಹರಣೆಗಳನ್ನೆಲ್ಲ ಒಂದೊಂದಾಗಿ ನಡೆಸಿ ನೋಡುತ್ತದೆ. ಮುಗ್ಗರಿಸಿದರೆ ಕಟ್ಟು ವಾಪಸು. ಪುಟದಲ್ಲಿ ಹೇಳಿದ ರೂಪಕ್ಕೂ ಫಂಕ್ಷನ್ನಿನ ನಿಜರೂಪಕ್ಕೂ ವ್ಯತ್ಯಾಸವಿದ್ದರೆ ಎಚ್ಚರಿಕೆ ಬರುತ್ತದೆ. ಹೊರಗೆ ಕಾಣುವ ಫಂಕ್ಷನ್ನಿಗೆ ಪುಟವೇ ಇಲ್ಲದಿದ್ದರೂ ಬರುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಒಂದು ಕಳ್ಳದಾರಿ ಉಂಟು: ಉದಾಹರಣೆಯ ಸುತ್ತ ‘ಇದನ್ನು ನಡೆಸಬೇಡ’ ಎಂಬ ಗುರುತು ಹಾಕಿದರೆ ಯಂತ್ರ ಬಿಟ್ಟುಬಿಡುತ್ತದೆ. ಭಂಡಾರದವರು ಇದನ್ನು ಮೆಚ್ಚುವುದಿಲ್ಲ. ಸರಿಯೇ, ನಡೆಸಬಾರದ ಉದಾಹರಣೆ ಮದುವೆಮನೆಯ ಚಿತ್ರದ ಹಣ್ಣು.

ಈಗ ನನ್ನನ್ನು ಕಾಡುವ ಮಾತಿಗೆ ಬರುತ್ತೇನೆ. ಜೋಡಣೆಯಲ್ಲಿ ಭಾಷೆಯೂ ಒಂದು ಅಂಗ. ಮಾನ್ಯಖೇಟ ಕನ್ನಡನಾಡಿನ ರಾಜಧಾನಿಯಾಗಿದ್ದರೂ ಗಣಿತಸಾರಸಂಗ್ರಹ ಸಂಸ್ಕೃತದಲ್ಲಿ ಬಂದಿತು. ಅದನ್ನು ಮೊದಲು ದೇಶಭಾಷೆಗೆ ಇಳಿಸಿದವನು ಹನ್ನೊಂದನೆಯ ಶತಮಾನದ ಪಾವುಲೂರಿ ಮಲ್ಲನ, ತೆಲುಗಿಗೆ. ಕನ್ನಡದಲ್ಲಿ ಲೆಕ್ಕದ ಗ್ರಂಥಗಳು ದೊರೆಯುವುದು ಹನ್ನೆರಡನೆಯ ಶತಮಾನದ ರಾಜಾದಿತ್ಯನಿಂದ. ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮೊದಲಾದುವನ್ನು ಅವನು ರಚಿಸಿದನು. ವ್ಯವಹಾರಗಣಿತದಲ್ಲಿ ಪದ್ಯವೂ ಗದ್ಯವೂ ಕೂಡಿ ನಡೆಯುತ್ತವೆ. ಮಳಖೇಡದಿಂದ ಅಲ್ಲಿಗೆ ಸುಮಾರು ಮುನ್ನೂರು ವರ್ಷಗಳು. ಅಷ್ಟು ಕಾಲ ನಮ್ಮ ಸೆಟ್ಟಿ, ಸೇನಬೋವ, ಒಕ್ಕಲಿಗರು ಲೆಕ್ಕ ಮಾಡದೆ ಇರಲಿಲ್ಲ. ಕಡತಕ್ಕೆ ಕರಿ ಬಳಿದು ಬಳಪದಿಂದ ಬರೆದುಕೊಂಡು ನಡೆಸಿಯೇ ನಡೆಸಿದರು. ಆದರೆ ಸೂತ್ರ ಅವರ ಕೈಯಲ್ಲಿರಲಿಲ್ಲ, ಬಾಯಿಪಾಠದ ಮಗ್ಗಿಯಷ್ಟೇ ಇದ್ದಿತು.

ನಮ್ಮ ಭಾಗದಲ್ಲಿ ಈ ಕಥೆ ಇನ್ನೊಂದು ಬಾರಿ ನಡೆಯಿತು. 1948ರವರೆಗೆ ಕಲಬುರಗಿ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಿತು. ಅಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನೆಯ ಮಾಧ್ಯಮವಾಗಿ ಮಾಡಿಕೊಂಡಿತು. ಅದಕ್ಕೆ ಒಂದು ವರ್ಷ ಮುಂಚೆಯೇ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯನ್ನು ತೆರೆದು ಗಣಿತ, ವಿಜ್ಞಾನ, ಚರಿತ್ರೆಗಳ ಪುಸ್ತಕಗಳನ್ನು ಉರ್ದುವಿಗೆ ತರಿಸಿದರು. ಪರಿಭಾಷೆಯನ್ನು ಸಮಿತಿಗಳಲ್ಲಿ ಕುಳಿತು ರೂಪಿಸಿದರು. ಇದನ್ನು ಕುರಿತು ಎರಡು ಮಾತು ಹೇಳಬೇಕು, ಎರಡೂ ನಿಜ. ದೇಶಭಾಷೆಯಲ್ಲಿ ಉನ್ನತ ಗಣಿತವನ್ನು ಹೇಳಬಹುದೆಂದು ಅವರು ಮಾಡಿ ತೋರಿಸಿದರು. ಮತ್ತು ಆ ದೇಶಭಾಷೆ ಅಫಜಲಪುರದ ರೈತನ ಮಗನದಾಗಿರಲಿಲ್ಲ. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದ ಮೇಲೆ ಶಾಲೆಗಳು ಕನ್ನಡದವಾದುವು. ಅಂಥ ಸಮಿತಿ ಕನ್ನಡಕ್ಕೂ ಬೇಕೆಂಬ ಮಾತನ್ನು ನಾನು ಕಾಲೇಜು ಸೇರಿದಂದಿನಿಂದ ಕೇಳುತ್ತಿದ್ದೇನೆ.

ಕಲಬುರಗಿ ತೊಗರಿಯ ಜಿಲ್ಲೆ. ಮೂರು ವರ್ಷಗಳ ತೊಗರಿಯ ಧಾರಣೆಯನ್ನು ಹೋಲಿಸಿ ನೋಡುವಷ್ಟು ಸಂಖ್ಯಾಶಾಸ್ತ್ರವನ್ನು ನಮ್ಮ ಹುಡುಗರು ಕಲಿತಿರುತ್ತಾರೆ. ಧಾರಣೆಯ ಏರಿಳಿತದ ಬಿಸಿ ಅವರ ಮನೆಗಳಿಗೆ ತಟ್ಟಿರುತ್ತದೆ. ಲೆಕ್ಕ ಗೊತ್ತು, ಅಂಕಿಗಳು ಗೊತ್ತು, ಯಂತ್ರ ಎದುರಿಗಿದೆ. ನಡುವೆ ಇರುವುದು ಒಂದು ಇಂಗ್ಲಿಷ್ ಪುಟ. ಅದರ ಇಂಗ್ಲಿಷೂ ಮನೆಮಾತಿನ ಇಂಗ್ಲಿಷಲ್ಲ. ಸೂತ್ರದಂತೆ ಹಿಂಡಿ ತೆಗೆದುದು. ಆ ಪುಟಗಳಲ್ಲಿ ನಮ್ಮ ನೆಲದ ಗುರುತೇ ಇಲ್ಲವೆಂದಲ್ಲ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿ ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಬೆಳೆದ ಸಿ. ಆರ್. ರಾವ್ ಅವರು 1948ರಲ್ಲಿ ಕೊಟ್ಟ ಸ್ಕೋರ್ ಪರೀಕ್ಷೆ, ಮಾದರಿಗಳನ್ನು ಹೋಲಿಸುವ ಒಂದು ಆರ್ ಸಹಾಯಪುಟದಲ್ಲಿ ‘ರಾವ್’ ಎಂಬ ಆಯ್ಕೆಯ ಹೆಸರಾಗಿಯೇ ನಿಂತಿದೆ. ರಾವ್ ಎಂದು ಬರೆದರೆ ಆ ಪರೀಕ್ಷೆ ನಡೆಯುತ್ತದೆ. ಇದನ್ನು ತರಗತಿಯಲ್ಲಿ ತೋರಿಸಿದಾಗ ಹಿಂದಿನ ಬೆಂಚಿನವರೂ ಎದ್ದು ನೋಡಿದರು.

ಹೀಗಾಗಿ ನಾಲ್ಕಾರು ವಿದ್ಯಾರ್ಥಿಗಳು ಸೇರಿಕೊಂಡು ನಿತ್ಯ ಬೇಕಾಗುವ ಹನ್ನೆರಡು ಪುಟಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಲು ತೊಡಗಿದ್ದಾರೆ. ಸಂಖ್ಯಾಶಾಸ್ತ್ರದ ಅಧ್ಯಾಪಕರು ಲೆಕ್ಕವನ್ನು ನೋಡಿಕೊಳ್ಳುತ್ತಾರೆ, ನಾನು ಮಾತನ್ನು. ಮೊದಲ ದಿನವೇ ಒಬ್ಬನು ನಿಘಂಟು ನೋಡಿ ಆರ್ಗ್ಯುಮೆಂಟ್ಸ್ ಎಂಬುದನ್ನು ‘ವಾದಗಳು’ ಎಂದು ಬರೆದುತಂದ. ಸರಾಸರಿ ತೆಗೆಯುವುದಕ್ಕೆ ವಾದ ಮಾಡಬೇಕಾದರೆ ನಮ್ಮಲ್ಲಿ ಜನಕ್ಕೆ ಕೊರತೆಯಿಲ್ಲ! ಬಹಳ ಹೊತ್ತು ವಾದಿಸಿಯೇ ‘ಕೊಡತಕ್ಕದ್ದು’ ಎಂದು ತೀರ್ಮಾನಿಸಿದೆವು. ವ್ಯಾಲ್ಯೂ ಎಂಬುದಕ್ಕೆ ತಡವಾಗಲಿಲ್ಲ. ಮಹಾವೀರನ ತ್ರೈರಾಶಿಕದಲ್ಲಿ ಪ್ರಮಾಣ, ಫಲ, ಇಚ್ಛೆ ಎಂಬ ಮೂರು ರಾಶಿಗಳಿವೆ. ಅಲ್ಲಿಂದ ‘ಫಲ’ ಎಂಬುದನ್ನು ತಂದೆವು, ಎಲ್ಲರೂ ಒಪ್ಪಿದರು. ಡೀಟೇಲ್ಸ್ ‘ವೃತ್ತಿ’ ಆಯಿತು, ಎಗ್ಸಾಂಪಲ್ಸ್ ‘ಪ್ರಯೋಗ’. ಏಳರಿಂದ ಭಾಗಿಸುವ ಆ ಒಂದು ಸಾಲನ್ನು ವೃತ್ತಿಯಿಂದ ಎತ್ತಿ ಸಂಜ್ಞೆಯ ಜಾಗಕ್ಕೆ, ಪುಟದ ನೆತ್ತಿಗೆ ತಂದಿದ್ದಾರೆ. ಚೂಸ್ ಫಂಕ್ಷನ್ನಿಗೆ ಗಾಮಾ ಬೀಟಾಗಳಿಂದ ಬೇರೆ ಮನೆ ಮಾಡಿಕೊಟ್ಟು ಆರು ರಸಗಳನ್ನು ಪ್ರಯೋಗವಾಗಿ ಇಟ್ಟಿದ್ದಾರೆ. ಯಂತ್ರದಲ್ಲಿ ನಡೆಸಿಯೂ ನೋಡಿದ್ದಾರೆ, 63 ಬರುತ್ತದೆ. ಸೀ ಆಲ್ಸೋ ಎಂಬುದಕ್ಕೆ ಮಾತ್ರ ಇನ್ನೂ ಒಮ್ಮತವಾಗಿಲ್ಲ. ‘ಇದನ್ನೂ ನೋಡಿ’ ಎಂದರೆ ಸಾಕು ಎನ್ನುವವರು ಕೆಲವರು; ‘ನೆರೆಮನೆ’ ಎಂದಿರಲಿ ಎನ್ನುವವರು ಕೆಲವರು.